ಸಹಿಯಿಲ್ಲದ ದೂರು

ಅಕ್ಕ ಔಷಧಿ ಚೀಟಿ ಬರೆಯುತ್ತಿದ್ದಾಗಲೇ ತಂಗಿ ಬಂದು, ವೈದ್ಯಕೀಯ ಪರಿಷತ್ತು ಕಳಿಸಿದ್ದ ಕೈಬರಹದ ದೂರಿನ ಪ್ರತಿಯನ್ನು ಮೇಜಿನ ಮೇಲಿಟ್ಟಳು. ನೋಂದಣಿ ನವೀಕರಿಸದೆಯೇ ರೋಗಿಗಳನ್ನು ನೋಡುತ್ತಿರುವ ಈಕೆಯ ಕ್ಲಿನಿಕ್ಕಿಗೆ ಬೀಗ ಹಾಕಿಸಿ ಎಂದು ತಂಗಿಯ ಮೇಲಿದ್ದ ದೂರು. ಕೆಳಗೆ ಸಹಿಯಿರಲಿಲ್ಲ.

ಇಬ್ಬರೂ ಡಾಕ್ಟರುಗಳೇ, ಕ್ಲಿನಿಕ್ಕುಗಳು ಎದುರುಬದುರು. ತಂಗಿಯ ಕಡೆ ಜಾಗ ಸಾಲದೆ ಬೀದಿಯಲ್ಲೂ ಕುರ್ಚಿ ಹಾಕಿದ್ದರು. ಆ ಕುರ್ಚಿಗಳನ್ನು ಎಣಿಸಿ ಎಣಿಸಿ ಅಕ್ಕನ ಹೊಟ್ಟೆ ಉರಿದುಹೋಗಿತ್ತು.

"ಯಾರೋ ಆಗದವರ ಕೆಲಸ, ಬಿಡೇ," ಎಂದಳು ಅಕ್ಕ, ಬರೆಯುವುದನ್ನು ನಿಲ್ಲಿಸದೆ.

"ಪರಿಷತ್ತಿನವರಿಗೆ ಅರ್ಧ ಓದೋಕೇ ಬರ್ಲಿಲ್ವಂತೆ. ನಂಗೂ ಅಷ್ಟೇ. ಕೊನೆಗೆ, ದಿನಾ ನಿನ್ನ ಚೀಟಿ ನೋಡೋ ಮೆಡಿಕಲ್ ಶಾಪಿನವರ ಕೈಗೆ ಕೊಟ್ಟೆ ಅಕ್ಕಾ. ಕನ್ನಡಕಾನೂ ಹಾಕ್ಕೊಳ್ದೆ ಗಡಗಡ ಓದಿಬಿಟ್ರು."

ಅಕ್ಕನ ಪೆನ್ನು ಮಾತ್ರೆಯ ಹೆಸರಿನ ನಡುವೆಯೇ ನಿಂತಿತು.