ಹೆಚ್ಚುವರಿ ವರ್ಷಗಳು

ಮಸೀದಿಯ ಮೌಲ್ವಿ ಸಾಹೇಬರು ಮತ್ತೆ ಬಂದರು. ಪ್ರಯೋಗಾಲಯದ ಕಿಟಕಿಯಿಂದ ಅವರನ್ನು ಕಂಡಿದ್ದೇ ತಡ, ಡಾಕ್ಟರಮ್ಮ ಕೈಲಿದ್ದ ಕೆಲಸ ನಿಲ್ಲಿಸಿದಳು.

"ನಮಗೆ ಗುಂಡಿ ತೋಡೋಕೇ ಬರ್ತಿದ್ದಾರೆ ಮೇಡಂ," ಎಂದ ಅಂಕಿಅಂಶ ನೋಡಿಕೊಳ್ಳುವ ಸಹೋದ್ಯೋಗಿ. ಎಲ್ಲದರಲ್ಲೂ ಹುಳುಕು ಹುಡುಕುವ ಅವನಿಗೆ ಅಲ್ಲಿ ಸಂಶಯ ಸಾಹೇಬನೆಂದೇ ಹೆಸರು.

ಅನುಮಾನಕ್ಕೆ ಕಾರಣವಿತ್ತು. ಆಯಸ್ಸು ಹೆಚ್ಚಿಸುವ ಅವಳ ಮಾತ್ರೆ ಇಲಿಗಳಲ್ಲಿ ಗೆದ್ದಿತ್ತು. ಇನ್ನು ಮನುಷ್ಯರ ಸರದಿ. ಪರೀಕ್ಷೆಗೆ ಸೇರಬೇಕಿದ್ದ ಬಡಾವಣೆಯ ಹಿರಿಯರೆಲ್ಲ ಮಸೀದಿಯ ಮಾತಿಗಾಗಿ ಕೈಕಟ್ಟಿ ಕೂತಿದ್ದರು. ಮೌಲ್ವಿ ಸಾಹೇಬರು ಬೇಡವೆಂದರೆ ಅವಳ ಅರ್ಧ ಜೀವಮಾನದ ದುಡಿಮೆ ನೀರುಪಾಲು. ಸಾಲದ್ದಕ್ಕೆ, ಒಂದು ಹೊತ್ತೂ ನಮಾಜು ತಪ್ಪಿಸದ ಅವಳನ್ನೇ ಒಂದು ಮುಳ್ಳು ಒಳಗೊಳಗೇ ಚುಚ್ಚುತ್ತಿತ್ತು: ಅಲ್ಲಾಹ್ ಗೊತ್ತುಮಾಡಿದ ಗಡುವಿಗೆ ನಾನು ಕೈ ಹಾಕುತ್ತಿದ್ದೇನೆಯೇ? ಗಂಡ ಬದುಕಿದ್ದಿದ್ದರೆ ಅವನ ಮುಂದಾದರೂ ಹೇಳಿಕೊಳ್ಳಬಹುದಿತ್ತು.

ಮೌಲ್ವಿ ಸಾಹೇಬರು ಇಸ್ತ್ರಿ ಮುರಿಯದ ನಿಲುವಂಗಿಯಲ್ಲಿ, ಗಡ್ಡ ಓರಣ ಮಾಡಿಸಿಕೊಂಡು, ಅತ್ತರು ಹಚ್ಚಿಕೊಂಡು ಬಂದಿದ್ದರು. ಮುಪ್ಪೊಂದನ್ನು ಬಿಟ್ಟು ಎಲ್ಲ ಕಾಯಿಲೆಗೂ ಮದ್ದಿದೆಯೆಂಬ ಪ್ರವಾದಿಯವರ ಮಾತನ್ನು ಮೊದಲ ಸಲದಂತೆಯೇ ಮತ್ತೆ ನೆನಪಿಸಿದರು. ತಾನು ಮುಪ್ಪನ್ನು ಅಳಿಸುತ್ತಿಲ್ಲ, ಹೃದಯವೂ ಮಂಡಿಯೂ ಬೇಗ ಕೈಕೊಡದಂತೆ ನೋಡಿಕೊಳ್ಳುತ್ತಿದ್ದೇನೆ ಅಷ್ಟೆ ಎಂದು ಅವಳು ಮತ್ತೆ ವಿವರಿಸಿದಳು. ಮಾತ್ರೆ ತಿಂದ ಇಲಿಗಳೂ ಕೊನೆಗೆ ಸತ್ತವು ಎಂದಾಗ ಅವರು ಸಮಾಧಾನದಿಂದ ತಲೆದೂಗಿದರು.

ಆಮೇಲೆ ಪ್ರಶ್ನೆಗಳು ದಾರಿ ಬಿಟ್ಟವು. ಸಂಜೆ ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತೀರಿ, ಮನೆಯಲ್ಲಿ ಯಾರಿರುತ್ತಾರೆ, ನಿವೃತ್ತಿ ಯಾವಾಗ ಎಂದೆಲ್ಲ ಕೇಳಿದರು. ಕೊನೆಗೆ, "ಒಂಟಿಯಾಗಿಟ್ಟ ಇಲಿ, ಜೊತೆಯಲ್ಲಿಟ್ಟ ಇಲಿ, ಯಾವುದು ಹೆಚ್ಚು ದಿನ ಬದುಕುತ್ತೆ?" ಎಂದರು.

ಇದರಲ್ಲೇನೋ ಕೊಕ್ಕೆಯಿದೆ ಎನ್ನಿಸಿತು ಅವಳಿಗೆ. "ಅದನ್ನ ನಾವು ಪರೀಕ್ಷೆ ಮಾಡಿಲ್ಲ."

"ಮಾಡಬೇಕಿತ್ತು," ಎಂದು ಎದ್ದುಹೋದರು.

ಮನೆಯ ವಿಚಾರ ಕೇಳಿದ್ದು ಬಾಗಿಲಿಗೆ ಜನ ಕಟ್ಟಿಕೊಂಡು ಬರುವುದಕ್ಕೇ ಎಂದು ಸಂಶಯ ಸಾಹೇಬ ಷರಾ ಬರೆದುಬಿಟ್ಟ.

ಶುಕ್ರವಾರ ಅವಳು ಮಸೀದಿಯ ಹೆಂಗಸರ ಕೋಣೆಯಲ್ಲಿ ಕೂತಳು. ಧ್ವನಿವರ್ಧಕದಲ್ಲಿ ಅವರ ಪ್ರವಚನ ಶುರುವಾಯಿತು. ಸಾವಿನ ಗಡುವು ಅಲ್ಲಾಹನ ಕೈಯಲ್ಲಿದೆ, ಯಾವ ಮಾತ್ರೆಯೂ ಅದನ್ನು ದಾಟಲಾರದು ಎಂದರು. ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಳು ಅವಳು. ಮಾತ್ರೆಯಿಂದ ಒಂದಿಷ್ಟು ವರ್ಷ ಸಿಕ್ಕರೆ ಅವೂ ಅವನೇ ಕೊಟ್ಟವು, ಚಿಕಿತ್ಸೆ ಬೇಡವೆನ್ನಲು ನಾವ್ಯಾರು, ಆದರೆ ಸಿಕ್ಕ ವರ್ಷಗಳಲ್ಲಿ ಏನು ಮಾಡಿದೆಯೆಂದು ಅವನು ಕೇಳದೆ ಬಿಡುವುದಿಲ್ಲ ಎಂದರು. ಅವಳನ್ನು ಚುಚ್ಚುತ್ತಿದ್ದ ಮುಳ್ಳು ತಾನಾಗಿ ಕಳಚಿಕೊಂಡಿತ್ತು.

ಮರುದಿನ ಹೆಸರು ಕೊಡಲು ಹಿರಿಯರು ಸಾಲುಗಟ್ಟಿದರು. ಅವರ ಹಿಂದೆಯೇ ಮೌಲ್ವಿ ಸಾಹೇಬರೂ ಬಂದರು. ಅವಳು ಎದ್ದು ನಿಂತು ಕೃತಜ್ಞತೆ ಹೇಳಿದಳು. ಇನ್ನೂ ಏನಾದರೂ ಅನುಮಾನ ಉಳಿದಿದೆಯೇ ಎಂದು ಕೇಳಿದಳು.

"ಅದು ಮೊದಲನೇ ಸಲ ಬಂದಾಗಲೇ ಹೋಯ್ತು."

"ಮತ್ತೆ ಇಷ್ಟು ಸಲ ಯಾಕೆ ಬಂದ್ರಿ?"

ಅವರು ಬಾಗಿಲಲ್ಲಿದ್ದ ಸಂಶಯ ಸಾಹೇಬನತ್ತ ನೋಡಿದರು. ಅವನು ಮೆಲ್ಲಗೆ ಜಾಗ ಖಾಲಿ ಮಾಡಿದ.

"ಈಗ ನಾನು ಕೇಳೋದಕ್ಕೆ ನೀವು ಇಲ್ಲ ಅಂದ್ರೂ ನಿನ್ನೆ ಮಸೀದೀಲಿ ಹೇಳಿದ್ದು ಬದಲಾಗಲ್ಲ. ಅದಕ್ಕೇ ಅದನ್ನ ಮೊದಲು ಮುಗಿಸಿದೆ." ಅವರು ಗಂಟಲು ಸರಿಮಾಡಿಕೊಂಡರು. "ನನ್ನ ಹೆಂಡತಿ ತೀರಿಹೋಗಿ ಬಹಳ ವರ್ಷ ಆಯ್ತು ಡಾಕ್ಟರೇ. ನೀವು ಒಪ್ಪಿದ್ರೆ ನಾವು ನಿಕಾಹ್ ಮಾಡ್ಕೊಳ್ಳೋಣ."