ಕೂಡಲೇ ಒಪ್ಪಿದ ಬೆಟ್ಟ

ಬೆಟ್ಟ ಮೊದಲ ಸಲ ಕೇಳಿದಾಗಲೇ ಹೂಂ ಅಂದದ್ದು ಸುಲೋಚನಾಗೆ ಯಾಕೋ ಸರಿಬರಲಿಲ್ಲ.

ಹೆದ್ದಾರಿಗಾಗಿ ಬೆಟ್ಟ ಕಡಿಯುವ ಮುನ್ನ ಅದರ ಒಪ್ಪಿಗೆ ಕೇಳುವುದು ಅವಳ ಸರ್ಕಾರಿ ಕೆಲಸ. ಬಂಡೆಗೆ ಅರಿಸಿನ ಕುಂಕುಮ ಹಚ್ಚಿ, ಕಿವಿಯಿಟ್ಟು ಕೇಳಬೇಕು. ಒಪ್ಪಿದರೆ ಅಲ್ಲೇ ತೆಂಗಿನಕಾಯಿ ಒಡೆಯಬೇಕು. ಒಡೆದ ಮೇಲೆ ಎರಡೂ ಕಡೆಯವರು ಮಾತು ತಪ್ಪುವಂತಿಲ್ಲ. ಸಾಮಾನ್ಯವಾಗಿ ಬೆಟ್ಟಗಳು ಬೈಯುತ್ತವೆ, ಅಳುತ್ತವೆ, ವರ್ಷಗಟ್ಟಲೆ ಸತಾಯಿಸುತ್ತವೆ. ಹಿಂದಿನ ರಸ್ತೆಯ ಕೆಲಸದಲ್ಲಿ ಒಂದು ಗುಡ್ಡ ತನ್ನ ಪುಟ್ಟ ತೊರೆಗಾಗಿ ಅವಳನ್ನು ಮೂರು ಮಳೆಗಾಲ ಅಲೆಸಿತ್ತು.

“ಒಡೀರಿ ಮೇಡಂ, ಒಳ್ಳೆ ಗಳಿಗೆ ಮೀರಿಹೋಗುತ್ತೆ,” ಎಂದು ಎಂಜಿನಿಯರ್ ಕೇಶವಮೂರ್ತಿ ಅವಸರಪಡಿಸಿದ. ಹಿಂದೆ ಜೆಸಿಬಿಗಳು ಗುರುಗುಡುತ್ತಿದ್ದವು.

ಸುಲೋಚನಾ ಮತ್ತೆ ಬಂಡೆಗೆ ಕಿವಿಯಿಟ್ಟಳು. “ನಿಜವಾಗ್ಲೂ ಬೇಜಾರಿಲ್ವಾ ನಿಂಗೆ? ನಾಲ್ಕು ಲೇನ್ ರಸ್ತೆ ಕಣಪ್ಪ.”

“ನಾಲ್ಕು ಸಾಲದು. ಇನ್ನೂ ಅಗಲ ಮಾಡಿ,” ಎಂದಿತು ಬೆಟ್ಟ, ಸುತ್ತಲಿದ್ದವರಿಗೂ ಕೇಳುವಷ್ಟು ಜೋರಾಗಿ.

ಅದನ್ನು ಕೇಳಿ ಕೇಶವಮೂರ್ತಿ ಹಿರಿಹಿರಿ ಹಿಗ್ಗಿದ. ಸುಲೋಚನಾ ಮಾತ್ರ ಬಂಡೆಯಿಂದ ಕಿವಿ ತೆಗೆಯಲಿಲ್ಲ. ಇಷ್ಟು ವರ್ಷಗಳಲ್ಲಿ ಯಾವ ಬೆಟ್ಟವೂ ತನ್ನನ್ನು ಹೆಚ್ಚು ಕಡಿಯಿರೆಂದು ಕೇಳಿರಲಿಲ್ಲ.

“ಅಷ್ಟು ಅಗಲದ ರಸ್ತೆ ನಿಂಗ್ಯಾಕೆ?”

ಬೆಟ್ಟ ಬೇರೆ ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿತು. “ಸಮುದ್ರದವರೆಗೂ ಇಳಿಜಾರೇ ತಾನೆ? ನಾನು ಎಲ್ಲೂ ನಿಲ್ಲದೆ ಹೋಗಬಹುದಲ್ವಾ?”

ಸುಲೋಚನಾ ಕೆಳಗೆ ನೋಡಿದಳು. ಘಟ್ಟದ ಬುಡದಲ್ಲಿ ಊರಿನ ಹಂಚಿನ ಮನೆಗಳು, ಶಾಲೆಯ ಅಂಗಳದಲ್ಲಿ ಪ್ರಾರ್ಥನೆಗೆ ಸಾಲು ನಿಂತ ಮಕ್ಕಳು. ಅವಳು ತೆಂಗಿನಕಾಯಿಯನ್ನು ಸದ್ದಾಗದಂತೆ ಚೀಲಕ್ಕಿಳಿಸಿ, ಅದರ ಬಾಯಿಯನ್ನು ಬಿಗಿಯಾಗಿ ಕಟ್ಟಿದಳು.