ನೀರುಳ್ಳಿ ಪೊರೆಯೊಳಗಿನ ಗುಳ್ಳೆ

ಈಗಲೂ ನೀರುಳ್ಳಿ ಹೆಚ್ಚುವಾಗ ಎಸಳಿನ ಒಳಗಿನ ತೆಳ್ಳನೆ ಪೊರೆ ಬೆರಳಿಗೆ ಅಂಟಿದರೆ, ಗಂಗೊಳ್ಳಿಯ ನಮ್ಮ ಅಡುಗೆಮನೆಯ ಆ ಶನಿವಾರದ ಮಧ್ಯಾಹ್ನ ನೆನಪಾಗುತ್ತದೆ.

ಆಗ ನಾನು ಹತ್ತನೇ ಕ್ಲಾಸು, ತಂಗಿ ಎಂಟನೇದು. ನೀರುಳ್ಳಿ ಪೊರೆಯ ಜೀವಕೋಶದ ಚಿತ್ರವನ್ನು ನನ್ನಷ್ಟು ಚಂದ ಬಿಡಿಸುವವರು ಶಾಲೆಯಲ್ಲೇ ಇರಲಿಲ್ಲ. ಸ್ಕೇಲು ಹಿಡಿದು, ಇಟ್ಟಿಗೆ ಜೋಡಿಸಿದ ಹಾಗೆ, ಪುಸ್ತಕದಲ್ಲಿ ಇದ್ದಂತೆಯೇ ಬಿಡಿಸುತ್ತಿದ್ದೆ. ಸೂಕ್ಷ್ಮದರ್ಶಕ ಮಾತ್ರ ಗಾಜಿನ ಕಪಾಟಿನಲ್ಲಿ ಬೀಗದೊಳಗಿತ್ತು. ಮುಟ್ಟಿದರೆ ಹಾಳಾಗುತ್ತದೆ ಎನ್ನುತ್ತಿದ್ದರು. ಆ ವರ್ಷ ಹೊಸ ಟೀಚರು ಬಂದು ಅದನ್ನು ಹೊರಗೆ ತೆಗೆದರು, ಎಂಟನೇ ಕ್ಲಾಸಿನವರಿಗೆ.

ಆ ಶನಿವಾರ ಶಾಲೆಯಿಂದ ಬಂದ ತಂಗಿ ಚೀಲ ಬಿಸಾಡಿ ತನ್ನ ಚಿತ್ರ ತೋರಿಸಿದಳು. ಎಲ್ಲ ಸೊಟ್ಟ ಗೆರೆ. ನಡುವೆ ದಪ್ಪ ಅಂಚಿನ ಒಂದು ದುಂಡು.

"ಇದೆಂತ ಇದ್?" ಎಂದೆ.

"ಗಾಳಿ ಗುಳ್ಳಿ ಅಂಬ್ರ್ ಟೀಚರ್. ಒಳಗ್ ಸಿಕ್ಕಂಡಿತ್ತ್. ನಾ ಕಂಡದ್ದೇ ಬಿಡ್ಸಿದೆ."

ಆ ಗುಳ್ಳೆಯ ಪಕ್ಕದಲ್ಲಿ ಟೀಚರು ಕೆಂಪು ಶಾಯಿಯಲ್ಲಿ 'ಚೆನ್ನಾಗಿ ನೋಡಿದ್ದೀ' ಎಂದು ಬರೆದಿದ್ದರು. ನನ್ನ ಚಿತ್ರಗಳ ಪಕ್ಕ ಯಾವತ್ತೂ ಬರೀ ಅಂಕ. ನನ್ನ ಚಿತ್ರವನ್ನೂ ತಂದು ಅವಳದರ ಪಕ್ಕ ಇಟ್ಟೆ.

ಬಂಗುಡೆ ಸಾರಿಗೆ ನೀರುಳ್ಳಿ ಸುಲಿಯುತ್ತಿದ್ದ ಅಮ್ಮ ಎರಡನ್ನೂ ಕಂಡು, "ನಿಂದೇ ಚಂದ ಇತ್ತ್ ಮಗಾ" ಎಂದಳು ನನಗೆ.

"ಹೌದ್, ಅಕ್ಕಂದೇ ಚಂದ" ಎಂದಳು ತಂಗಿ, ಒಂಚೂರೂ ಬೇಜಾರಿಲ್ಲದೆ. "ಆರೆ ಒಳಗ್ ಕಂಡ್ರೆ ಅದ್ ಹಾಂಗಿಲ್ಲ."

ಅವಳು ಕೈಕಾಲು ತೊಳೆಯಲು ಹೋದ ಮೇಲೆ ಅಮ್ಮನ ಮುಂದಿದ್ದ ಸಿಪ್ಪೆಯಿಂದ ಒಂದು ಪೊರೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಆಚೆಯ ಹೊಳೆ, ದೋಣಿಗಳೆಲ್ಲ ಮಬ್ಬಾಗಿ ಕಂಡವು. ಪೊರೆಯಲ್ಲಿ ಏನೂ ಕಾಣಲಿಲ್ಲ.

ಆಮೇಲೆ ಕೈವಾರ ತೆಗೆದು, ನನ್ನ ಚಿತ್ರದ ನಡುವೆಯೂ ಒಂದು ಗುಳ್ಳೆ ಬಿಡಿಸಿದೆ. ತುಂಬಾ ದುಂಡಗೆ ಬಂತು.